ಪರದೇಶದ ಇಂಗ್ಲಿಷ್ ಮೇಷ್ಟ್ರು: ದೇಶ-ಕಾಲ-ಪಾಸ್‌ಪೋರ್ಟ್ ವಿಚಾರ

ಕನ್ನಡ ಸಂಶೋಧನೆಗೆ ಕವಿಯ ಜನ್ಮಸ್ಥಳವೆಂದರೆ ಪಂಚಪ್ರಾಣ. ಲಕ್ಷ್ಮೀಶ ಕಡೂರು ಸೀಮೆಯ ದೇವನೂರಿನವನೋ ಸುರಪುರದ ಕಡೆಯ ದೇವಪುರದವನೋ ಎಂದು ಹಿರಿಯರು ಪುಟಗಟ್ಟಲೆ ವಾದಿಸಿದ್ದಾರೆ. ಆ ಗದ್ದಲದಲ್ಲಿ ಯಾರಾದರೂ 'ಜೈಮಿನಿ ಭಾರತ' ಓದುವುದನ್ನೇ ಮರೆತಿದ್ದರೆ ಅದು ಸಂಶೋಧನೆಯ ದೋಷವಲ್ಲ. ಇದೇ ಕ್ರಮವನ್ನು ಇಷ್ಟೇ ಶ್ರದ್ಧೆಯಿಂದ ಪಾಲಿಸುವ ಇನ್ನೊಂದು ಕ್ಷೇತ್ರ ಭೂಮಿಯ ಮೇಲಿದೆ. ಅದು ಹೊರದೇಶಗಳಲ್ಲಿ ಇಂಗ್ಲಿಷ್ ಕಲಿಸಲು ಮೇಷ್ಟ್ರುಗಳನ್ನು ಆರಿಸುವ ಕ್ಷೇತ್ರ. ಅಲ್ಲಿಯೂ ಮೊದಲ ಪ್ರಶ್ನೆ ಯಾವ ಊರು ಎಂಬುದು. ಎರಡನೆಯ ಪ್ರಶ್ನೆ ಕೇಳಲು ಹೊತ್ತು ಸಾಲುವುದಿಲ್ಲ. ಆದ್ದರಿಂದ ಈ ವಿಷಯದಲ್ಲಿ ಶಾಸ್ತ್ರ ರಚಿಸುವ ಅಧಿಕಾರ ಕನ್ನಡಿಗರಿಗೆ ಪರಂಪರೆಯಿಂದಲೇ ಬಂದಿದೆ ಎಂಬುದು ನಮ್ಮ ಪ್ರತಿಜ್ಞೆ.

ಶಾಸ್ತ್ರವೆಂದ ಮೇಲೆ ದೇವದತ್ತ ಯಜ್ಞದತ್ತರು ಬರಲೇಬೇಕು. ಸಾವಿರಾರು ವರ್ಷಗಳಿಂದ ಒಂದು ಕಾಸೂ ಸಂಬಳವಿಲ್ಲದೆ ಉದಾಹರಣೆಗಳಲ್ಲಿ ದುಡಿಯುತ್ತಿರುವ ಪಾಪದವರು. ದೇವದತ್ತ ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಬಿ.ಎಡ್. ಮುಗಿಸಿ, ಹತ್ತನೇ ತರಗತಿಯ ಮಕ್ಕಳನ್ನು ಆಕ್ಟಿವ್ ವಾಯ್ಸ್‌ನಿಂದ ಪ್ಯಾಸಿವ್ ವಾಯ್ಸ್‌ಗೆ ದಾಟಿಸುತ್ತ ಇಪ್ಪತ್ತು ವರ್ಷ ಸವೆಸಿದವನು. ಯಜ್ಞದತ್ತ ಮ್ಯಾಂಚೆಸ್ಟರಿನಲ್ಲಿ ಹುಟ್ಟಿ, ಹೋಟೆಲ್ ಮ್ಯಾನೇಜ್‌ಮೆಂಟ್‌ನಲ್ಲಿ ಪದವಿ ಪಡೆದು, ನೂರಿಪ್ಪತ್ತು ಗಂಟೆಯ ಟೆಫೆಲ್ ಸರ್ಟಿಫಿಕೇಟನ್ನು ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಸಂಪಾದಿಸಿದವನು. ಪ್ರೆಸೆಂಟ್ ಪರ್ಫೆಕ್ಟ್ ಎಂದರೇನಪ್ಪಾ ಎಂದು ಕೇಳಿದರೆ ಮುಗುಳ್ನಗುತ್ತಾನೆ. ಇಲ್ಲಿ ಮೀಮಾಂಸಕರ ಅರ್ಥಾಪತ್ತಿ ನೆರವಿಗೆ ಬರುತ್ತದೆ. ಹಗಲೆಲ್ಲ ಉಪವಾಸವಿದ್ದೂ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಿದ್ದಾನೆ ಎಂದು ತಿಳಿಯಬೇಕಷ್ಟೆ. ಹಾಗೆಯೇ, ವ್ಯಾಕರಣ ಬಾರದ ಯಜ್ಞದತ್ತನಿಗೆ ಸೋಲ್ ನಗರದಲ್ಲಿ ಮೇಷ್ಟ್ರ ಕೆಲಸ ಸಿಕ್ಕಿದ್ದರೆ ಅವನಲ್ಲಿ ಬೇರೊಂದು ಅರ್ಹತೆ ಇದೆ ಎಂದು ತಿಳಿಯಬೇಕು. ಹುಡುಕಿದರೆ ಅದು ಕೋಟಿನ ಒಳಜೇಬಿನಲ್ಲಿ ಸಿಗುತ್ತದೆ, ನೀಲಿ ರಟ್ಟಿನದು. ದೇವದತ್ತನದಕ್ಕೂ ನೀಲಿ ರಟ್ಟೇ ಅಲ್ಲವೇ ಎಂದರೆ, ಹೌದು. ನೀಲಿಯಲ್ಲಿಯೂ ತರತಮ ಉಂಟು.

ಇನ್ನು ಅಧಿಕಾರಿ ಲಕ್ಷಣ. ದಕ್ಷಿಣ ಕೊರಿಯಾದಲ್ಲಿ ಭಾಷೆ ಕಲಿಸಲು ಇ-2 ಎಂಬ ವೀಸಾ ಬೇಕು. ಇಂಗ್ಲಿಷಿನ ಮಟ್ಟಿಗೆ ಅದು ಏಳು ದೇಶದವರಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. ನಮ್ಮ ಪುರಾಣಗಳೂ ಭೂಮಂಡಲವನ್ನು ಏಳೇ ದ್ವೀಪಗಳಾಗಿ ವಿಂಗಡಿಸಿವೆ. ಒಂದೇ ವ್ಯತ್ಯಾಸವೆಂದರೆ ಪುರಾಣದಲ್ಲಿ ಜಂಬೂದ್ವೀಪ ನಟ್ಟನಡುವೆ ಇದೆ, ಕೊರಿಯಾದ ಪಾಠದಲ್ಲಿ ಲುಪ್ತವಾಗಿದೆ. ಲಿಪಿಕಾರನ ಕೈತಪ್ಪು ಇರಬಹುದೆಂದು ಮೊದಲು ಭಾವಿಸಿದ್ದೆವು. ಪ್ರತಿಗಳನ್ನು ತಾಳೆ ನೋಡಿದಾಗ ಹಾಗೆ ಕಾಣಲಿಲ್ಲ. ದಕ್ಷಿಣ ಆಫ್ರಿಕದ 2011ರ ಜನಗಣತಿಯ ಪ್ರಕಾರ ಇಂಗ್ಲಿಷ್ ಮನೆಮಾತಾಗಿ ಉಳ್ಳವರು ಶೇ. 9.6 ಮಾತ್ರ, ಜುಲು, ಖೋಸಾ, ಆಫ್ರಿಕಾನ್ಸ್ ಆಡುವವರು ಅದಕ್ಕಿಂತ ಹೆಚ್ಚು. ಆದರೂ ಆ ದೇಶ ಸಪ್ತದ್ವೀಪದೊಳಗಿದೆ. ಇರಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಒಂದು ಕಡೆ ಗೀಟು ಎಳೆಯಲೇಬೇಕಲ್ಲ. ಜಂಬೂದ್ವೀಪದವರಿಗೆ ಪೂರ್ತಿ ಬಾಗಿಲು ಹಾಕಿದ್ದಾರೆಂದೂ ಹೇಳುವಂತಿಲ್ಲ. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದದಲ್ಲಿ, ಪದವಿಯೂ ಶಿಕ್ಷಕರ ತರಬೇತಿಯ ಪ್ರಮಾಣಪತ್ರವೂ ಇರುವ ಭಾರತೀಯರು ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಲು ಅವಕಾಶವಿದೆ. ಅಂದರೆ ಯಜ್ಞದತ್ತನಿಗೆ ಯಾವ ವಿಷಯದ ಪದವಿಯಾದರೂ ನಡೆಯುತ್ತದೆ, ದೇವದತ್ತನಿಗೆ ಬಿ.ಎಡ್. ಬೇಕೇ ಬೇಕು. ಇಂಗ್ಲಿಷ್ ಹೆಚ್ಚು ಬಂದಷ್ಟೂ ಕಾಗದ ಹೆಚ್ಚು ಬೇಕಾಗುತ್ತದೆ ಎಂಬ ಉಪಸೂತ್ರ ಇದರಿಂದ ಸಿದ್ಧಿಸುತ್ತದೆ.

ಪಾಠಕ್ಕಿಂತ ಹುಟ್ಟು ದೊಡ್ಡದೆಂಬ ಈ ಸಿದ್ಧಾಂತ ಎಲ್ಲಿಂದ ಬಂತು? 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧನೆಯ ಬಗ್ಗೆ ಸಮ್ಮೇಳನ ನಡೆಯಿತು. ಹುಟ್ಟು ಇಂಗ್ಲಿಷಿನವನೇ ಆದರ್ಶ ಮೇಷ್ಟ್ರು ಎಂಬ ನಂಬಿಕೆ ಗಟ್ಟಿಯಾದದ್ದು ಅಲ್ಲಿ ಎಂದು ರಾಬರ್ಟ್ ಫಿಲಿಪ್ಸನ್ ತಮ್ಮ 1992ರ 'ಲಿಂಗ್ವಿಸ್ಟಿಕ್ ಇಂಪೀರಿಯಲಿಸಂ' ಗ್ರಂಥದಲ್ಲಿ ತೋರಿಸಿ, ಅದನ್ನು ಹೇತ್ವಾಭಾಸಗಳ ಸಾಲಿಗೆ ಸೇರಿಸಿದರು. ಖಂಡನೆಯನ್ನು ವಿದ್ವಾಂಸರು ಮೆಚ್ಚಿಕೊಂಡರು. ವೀಸಾ ಕಚೇರಿಗಳಿಗೆ ಆ ಪುಸ್ತಕ ಇನ್ನೂ ತಲುಪಿದಂತಿಲ್ಲ. ಅದಕ್ಕೂ ಮುಂಚೆ, 1985ರಲ್ಲಿ, ಕಾಶ್ಮೀರ ಮೂಲದ ಬ್ರಜ್ ಕಚ್ರು ಇಂಗ್ಲಿಷ್ ಜಗತ್ತನ್ನು ಮೂರು ವೃತ್ತಗಳಾಗಿ ಬಿಡಿಸಿದ್ದರು. ದೇವಸ್ಥಾನದ ಲೆಕ್ಕದಲ್ಲಿ ಹೇಳುವುದಾದರೆ ಬ್ರಿಟನ್, ಅಮೆರಿಕ ಗರ್ಭಗುಡಿಯಲ್ಲಿ, ಭಾರತ, ನೈಜೀರಿಯ ನವರಂಗದಲ್ಲಿ, ಚೀನಾ, ಕೊರಿಯಾ ಹೊರ ಅಂಗಳದಲ್ಲಿ. ಪ್ರಸಾದ ಬೇಕಾದವರು ಅಂಗಳದಲ್ಲಿ ನಿಂತಿದ್ದಾರೆ. ಕೈತುಂಬ ಪ್ರಸಾದ ಹಿಡಿದ ನವರಂಗದವರು ಎರಡೇ ಹೆಜ್ಜೆ ದೂರದಲ್ಲಿದ್ದಾರೆ. ಆದರೂ ಗರ್ಭಗುಡಿಯವರೇ ಬಂದು ಕೊಡಲಿ ಎಂದು ಅಂಗಳ ಹಟ ಹಿಡಿದಿದೆ.

ಈಗ ಪೂರ್ವಾಚಾರ್ಯರ ವಿಚಾರ. ಈ ಶಾಸ್ತ್ರದ ಒಳಗುಟ್ಟನ್ನು ಎಲ್ಲರಿಗಿಂತ ಮೊದಲು ಅರಿತವಳು ಆ್ಯನಾ ಲಿಯೊನೊವೆನ್ಸ್. 1862ರಲ್ಲಿ ಸಯಾಮಿನ ದೊರೆ ಮೋಂಗ್‌ಕುಟ್ ತನ್ನ ರಾಣಿಯರಿಗೂ ಮಕ್ಕಳಿಗೂ ಇಂಗ್ಲಿಷ್ ಕಲಿಸಲು ಬ್ಯಾಂಕಾಕಿಗೆ ಕರೆಸಿಕೊಂಡದ್ದು ಇವಳನ್ನೇ. ತಾನು ಹುಟ್ಟಿದ್ದು ವೇಲ್ಸಿನ ಕಾರ್ನಾರ್ವನ್‌ನಲ್ಲಿ, ಗಂಡ ಸೇನೆಯಲ್ಲಿ ಅಧಿಕಾರಿಯಾಗಿದ್ದ ಎಂಬುದು ಅವಳೇ ಕೊಟ್ಟ ವಿವರ. ನಿಜದಲ್ಲಿ ಹುಟ್ಟಿದ್ದು 1831ರಲ್ಲಿ, ಮುಂಬಯಿ ಪ್ರಾಂತ್ಯದ ಅಹಮದ್‌ನಗರದಲ್ಲಿ. ಗಂಡ ಗುಮಾಸ್ತನಾಗಿದ್ದವನು, ಪೆನಾಂಗಿನಲ್ಲಿ ಹೋಟೆಲ್ ನೋಡಿಕೊಳ್ಳುತ್ತ 1859ರಲ್ಲಿ ತೀರಿಕೊಂಡಿದ್ದ. ಅಹಮದ್‌ನಗರದ ವಿಧವೆಗೆ ಅರಮನೆಯ ಕೆಲಸ ಸಿಗುತ್ತಿತ್ತೇ ಎಂಬುದು ಊಹೆಗೆ ಬಿಟ್ಟ ವಿಷಯ. ಅವಳು ಊಹೆಗೆ ಬಿಡಲಿಲ್ಲ. ಐದು ವರ್ಷ ಪಾಠ ಹೇಳಿದಳು. ಮುಂದೆ ದೊರೆಯಾದ ಚುಲಾಲಂಗ್‌ಕಾರ್ನ್ ಅವಳ ತರಗತಿಯಲ್ಲಿ ಕೂತಿದ್ದವನು. ಜನ್ಮಸ್ಥಳದ ಗುಟ್ಟು ಹೊರಬಿದ್ದದ್ದು ಅವಳು ಸತ್ತು ಅರವತ್ತು ವರ್ಷ ಕಳೆದ ಮೇಲೆ. ಅವಳ ಮಗನ ಕಥೆ ಬರೆಯಲು ಹೊರಟಿದ್ದ ಡಬ್ಲ್ಯು.ಎಸ್. ಬ್ರಿಸ್ಟೋ ಅದನ್ನು ಬಯಲಿಗೆಳೆದರು. ಬ್ರಿಸ್ಟೋ ವೃತ್ತಿಪರ ಇತಿಹಾಸಕಾರರಲ್ಲ, ಹೆಸರಾಂತ ಜೇಡತಜ್ಞರು. ನಮ್ಮಲ್ಲಿ ಶಾಸನತಜ್ಞರು ಮಾಡುವ ಕೆಲಸ ಅಲ್ಲಿ ಜೇಡತಜ್ಞರ ಪಾಲಿಗೆ ಬರುತ್ತದೆ ಎಂಬುದನ್ನು ಸಂಶೋಧನಾ ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳತಕ್ಕದ್ದು.

ಜಪಾನಿನ ಸಂಪ್ರದಾಯ ಬೇರೆ. ದೇಶ ಪರಕೀಯರಿಗೆ ಮುಚ್ಚಿದ್ದ 1848ರಲ್ಲಿ ರಾನಲ್ಡ್ ಮ್ಯಾಕ್‌ಡೊನಾಲ್ಡ್ ಎಂಬವನು ತಿಮಿಂಗಿಲ ಬೇಟೆಯ ಹಡಗಿನಿಂದ ಪುಟ್ಟ ದೋಣಿಯೊಂದರಲ್ಲಿ ಇಳಿದು, ಹಡಗು ಒಡೆದು ಬಂದವನಂತೆ ನಟಿಸುತ್ತ ಉತ್ತರದ ರಿಶಿರಿ ದ್ವೀಪ ಸೇರಿದ. ಅವನನ್ನು ಹಿಡಿದು ನಾಗಸಾಕಿಗೆ ಸಾಗಿಸಿ ಕೂಡಿಹಾಕಿದರು. ಆ ಬಂಧನದಲ್ಲೇ ಹದಿನಾಲ್ಕು ಮಂದಿ ದುಭಾಷಿಗಳಿಗೆ ಇಂಗ್ಲಿಷ್ ಪಾಠ ನಡೆಯಿತು. ಊಟ ಉಚಿತ, ವಸತಿ ಉಚಿತ, ಮರಳಿ ಹೋಗುವ ಪ್ರಯಾಣವೂ ಉಚಿತ. 1849ರಲ್ಲಿ ಅಮೆರಿಕದ ಯುದ್ಧನೌಕೆಯೊಂದು ಬಂದು ಕರೆದೊಯ್ದಿತು. ಇಂದಿನ ಏಜೆಂಟರು ಕೊಡುವ ಒಪ್ಪಂದದ ಮಾದರಿ ಇದೇ ಎಂದು ಕೆಲವರು. ಇಂದಿನದರಲ್ಲಿ ರಜೆ ಇಷ್ಟು ಧಾರಾಳವಾಗಿಲ್ಲ ಎಂದು ಮತ್ತೆ ಕೆಲವರು. ಆದರೆ ಅಡ್ಡಿ ಬೇರೊಂದಿದೆ. ಅವನ ತಂದೆ ಸ್ಕಾಟ್ಲೆಂಡಿನವನು, ತಾಯಿ ಚಿನೂಕ್ ಮೂಲನಿವಾಸಿ. ಹುಟ್ಟಿದ ಆರಿಗನ್ ಸೀಮೆಯ ಮೇಲೆ ಆಗ ಬ್ರಿಟನ್ ಅಮೆರಿಕ ಎರಡಕ್ಕೂ ಹಕ್ಕಿತ್ತು. ದೇವನೂರು-ದೇವಪುರದಂಥದೇ ತೊಡಕು. ಈಗಿನ ಅರ್ಜಿಯ ನಮೂನೆಯಲ್ಲಿ 'ರಾಷ್ಟ್ರೀಯತೆ' ಎಂಬಲ್ಲಿಗೆ ಬಂದಾಗ ಅವನ ಪೆನ್ನು ನಿಂತುಹೋಗುತ್ತಿತ್ತು.

ಏಜೆಂಟರೆಂದಾಗ ಜೇಮ್ಸ್ ಜಾಯ್ಸ್ ನೆನಪಾಗುತ್ತಾನೆ. ಏಜೆನ್ಸಿಯ ಮಾತು ನಂಬಿ 1904ರ ಅಕ್ಟೋಬರಿನಲ್ಲಿ ಜೊತೆಗಾತಿಯನ್ನು ಕಟ್ಟಿಕೊಂಡು ಜ್ಯೂರಿಕ್‌ನ ಬರ್ಲಿಟ್ಜ್ ಶಾಲೆಗೆ ಹೋದರೆ ಅಲ್ಲಿ ಕೆಲಸವೇ ಖಾಲಿಯಿರಲಿಲ್ಲ. ಅಲ್ಲಿಂದ ಟ್ರಿಯೆಸ್ಟ್, ಅಲ್ಲಿಂದ ಪೋಲಾ. ಪೋಲಾದಲ್ಲಿ ಆಸ್ಟ್ರಿಯಾ-ಹಂಗೇರಿಯ ನೌಕಾಧಿಕಾರಿಗಳಿಗೆ ಪಾಠ ಹೇಳಿ ಹೊಟ್ಟೆ ಹೊರೆದ. ಗಲ್ಫ್ ಏಜೆಂಟರ ಕಥೆ ಕೇಳಿ ಬೆಳೆದ ಕರಾವಳಿಯವರಿಗೆ ಇದರಲ್ಲಿ ಹೊಸತೇನೂ ಕಾಣದು.

ಪ್ರಮಾಣ ವಿಚಾರ ಚಿಕ್ಕದು. ಅರ್ಜಿಗೆ ಅಂಟಿಸುವ ಫೋಟೊ ಪ್ರತ್ಯಕ್ಷ. ವಿಡಿಯೊ ಸಂದರ್ಶನದ ಉಚ್ಚಾರ ಶಬ್ದ. ಫೋಟೊದ ಮೈಬಣ್ಣ ನೋಡಿ ಉಚ್ಚಾರ ಹೀಗೇ ಇದ್ದೀತೆಂದು ತೀರ್ಮಾನಿಸುವುದು ಅನುಮಾನ. ಇದರಿಂದ ಸಂದರ್ಶನದ ಸಮಯ ಉಳಿಯುತ್ತದೆ. ಥಾಯ್ಲೆಂಡಿನಲ್ಲಿ ದೇವದತ್ತ ಟೋಯಿಕ್‌ನಂಥ ಪರೀಕ್ಷೆಯ ಅಂಕಪಟ್ಟಿ ಹಿಡಿದು ತನಗೆ ಇಂಗ್ಲಿಷ್ ಬರುತ್ತದೆಂದು ಸಾಬೀತು ಮಾಡಬೇಕು. ಟೋಯಿಕ್‌ನ ಮುಖ್ಯ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಸರಿಯುತ್ತರದ ವೃತ್ತಕ್ಕೆ ಪೆನ್ಸಿಲ್ ತುಂಬುವುದು ಇಷ್ಟೇ. ಮಾತಾಡುವ ಪ್ರಮೇಯವೇ ಇಲ್ಲ. ಯಜ್ಞದತ್ತನಿಗೆ ಅದೂ ಇಲ್ಲ. ಇನ್ನು ಪ್ರಳಯ ಪ್ರಕರಣ: 2021ರ ಜುಲೈನಲ್ಲಿ ಚೀನಾ ಸರ್ಕಾರ ಮಕ್ಕಳ ಟ್ಯೂಷನ್ ವ್ಯಾಪಾರಕ್ಕೆ ಕಡಿವಾಣ ಹಾಕಿ, ಹೊರದೇಶದಲ್ಲಿ ಕೂತು ಆನ್‌ಲೈನ್ ಪಾಠ ಹೇಳುವವರನ್ನು ಆ ಕಂಪನಿಗಳು ನೇಮಿಸಕೂಡದೆಂದಿತು. ಅಮೆರಿಕದಲ್ಲಿ ನಸುಕಿಗೆದ್ದು, ಮೇಲೆ ಅಂಗಿ ಕೆಳಗೆ ಪೈಜಾಮ ತೊಟ್ಟು ಬೀಜಿಂಗಿನ ಮಕ್ಕಳಿಗೆ ಎಬಿಸಿ ಹೇಳುತ್ತಿದ್ದವರಿಗೆ ಆಮೇಲೆ ಬೆಳಗಿನ ನಿದ್ದೆ ಸಿಕ್ಕಿತು.

ಎಲ್ಲ ಶಾಸ್ತ್ರಕ್ಕೂ ಅಪವಾದವಿದೆ, ಇದಕ್ಕೆ ಭೂತಾನ್. ಅಲ್ಲಿನ ಶಾಲೆಗಳು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿದಾಗ ಪಾಠ ಹೇಳಲು ಭಾರತದಿಂದ, ಅದರಲ್ಲೂ ಕೇರಳದಿಂದ, ಮೇಷ್ಟ್ರುಗಳನ್ನು ಕರೆಸಿಕೊಂಡರು. ಹುಟ್ಟೂರು ಕಾರ್ನಾರ್ವನ್ನೇ ಎಂದು ಕೇಳಿದವರಿಲ್ಲ. ಇಲ್ಲಿ ಸೂತ್ರ ಮುರಿಯಿತೆಂದು ಪೂರ್ವಪಕ್ಷಿಗಳು ಹಿಗ್ಗಬೇಕಾಗಿಲ್ಲ. ಭಾರತೀಯರು ಭೂತಾನಿಗೆ ಹೋಗಲು ಪಾಸ್‌ಪೋರ್ಟೇ ಬೇಡ, ವೋಟರ್ ಐಡಿ ಸಾಕು. ಪಾಸ್‌ಪೋರ್ಟೇ ಇಲ್ಲದ ಕಡೆ ಪಾಸ್‌ಪೋರ್ಟಿನ ಸೂತ್ರ ಅನ್ವಯಿಸುವುದಾದರೂ ಹೇಗೆ? ಸಿದ್ಧಾಂತ ಅಬಾಧಿತ. ಈ ಭಾಗವನ್ನು ಓದಿ ದೇವದತ್ತ ಹುರುಪಿನಿಂದ ಟ್ರಂಕು ತೆರೆದು ವೋಟರ್ ಐಡಿ ಹುಡುಕಿ ತೆಗೆದಿದ್ದಾನೆ. ಅದರಲ್ಲಿ ಹೆಸರು 'ದೇವದತ್ತಮ್ಮ' ಎಂದೂ ಗಂಡನ ಹೆಸರು 'ಯಜ್ಞದತ್ತ' ಎಂದೂ ಅಚ್ಚಾಗಿದೆ. ತಿದ್ದುಪಡಿಗೆ ಅರ್ಜಿ ಹಾಕಿದ್ದಾನೆ. ಜನ್ಮಸ್ಥಳದ ದಾಖಲೆ ತರಲು ಹೇಳಿದ್ದಾರಂತೆ.