ಒಂದು ಟಿ ಹೆಚ್ಚಾತು

ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಎಂಬ ನಂಬಿಕೆ ಕಳೆದ ಭಾನುವಾರ ರಾತ್ರಿ ಒಂಬತ್ತೂವರೆಯವರೆಗೆ ಊರ್ಜಿತವಾಗಿತ್ತು.

ಆವತ್ತು ಪಡಸಾಲೆಯಲ್ಲಿ ಜಮಖಾನೆ ಹಾಸಿ, ಹತ್ತನೆಯ ಇಯತ್ತೆಯ 42 ಉತ್ತರಪತ್ರಿಕೆಗಳನ್ನು ಪಕ್ಕಕ್ಕೆ ಒಟ್ಟಿಕೊಂಡು, ಕೆಂಪು ಪೆನ್ನು ಹಿಡಿದು ಕೂತಿದ್ದೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ ಮುಗಿಸಿ ಈಗ ಇಂಡಿ ತಾಲೂಕಿಗೆ ಬಂದಿರುವ, ನಾಲ್ಕು ತಾಲೂಕಿನ ನೀರು ಕುಡಿದ ಇಂಗ್ಲಿಷ್ ಮಾಸ್ತರ ನಾನು. ನಾನು ಪೇಪರ್ ತಿದ್ದುವಾಗ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುವಂತಿಲ್ಲ. ಅವ್ವ ಕೆಮ್ಮಿದರೂ ಬಾಯಿಗೆ ಸೆರಗು ಹಿಡಿದೇ ಕೆಮ್ಮುತ್ತಾಳೆ.

ಹಾಗಂತ ತಿದ್ದುವ ಕೆಲಸ ಅಂಥ ಘನಂದಾರಿಯದೇನಲ್ಲ. ರಜಾ ಅರ್ಜಿ ಬರೆಯಿರಿ ಎಂದರೆ ಎಲ್ಲ ಹುಡುಗರಿಗೂ ಜ್ವರ. ನಾನೇ ಬಾಯಿಪಾಠ ಮಾಡಿಸಿದ ಜ್ವರ ಅದು. ಮುದ್ದೇಬಿಹಾಳದ ಕಡೆ ಅಪ್ಪ-ಅವ್ವ ಗುಳೆ ಹೋದಾಗ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಹುಡುಗಿಗೂ ಜ್ವರ. ಬಾಗೇವಾಡಿಯಲ್ಲಿ ಉಳ್ಳಾಗಡ್ಡಿ ಕೀಳಲು ಹೋದವನಿಗೂ, ಸಿಂದಗಿಯಲ್ಲಿ ಹತ್ತಿ ಬಿಡಿಸಲು ಹೋದವಳಿಗೂ ಅದೇ ಜ್ವರ, ಅದೇ ಮೂರು ದಿನ. ನನ್ನ ಕೈಯಲ್ಲಿ ಹಾದುಹೋದ ಅರ್ಜಿಗಳನ್ನು ನಂಬಿದರೆ ಈ ನಾಲ್ಕು ತಾಲೂಕುಗಳಲ್ಲಿ ಬೇರೆ ರೋಗವೂ ಇಲ್ಲ, ಬೇರೆ ಕೆಲಸವೂ ಇಲ್ಲ. ಆಡುವ ಮಾತಿನಲ್ಲೇ ದೊಡ್ಡ ಸಂಗತಿ ಹೇಳಬಹುದೆಂದು 12ನೇ ಶತಮಾನದಲ್ಲೇ ತೋರಿಸಿಕೊಟ್ಟ ಬಸವಣ್ಣ ಹುಟ್ಟಿದ ಊರಲ್ಲೂ ನಾನು ಹಂಚಿದ್ದು ಇದೇ ಜ್ವರವನ್ನು.

ಓದಿನ ಪರೀಕ್ಷೆಯೂ ಅಷ್ಟೇ ಸಲೀಸು. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ. 80 ಬರವಣಿಗೆಗೆ, 20 ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಆ 80ರ ಪತ್ರಿಕೆ ಯಾರನ್ನೂ ಬಾಯಿ ಬಿಟ್ಟು ಓದಿಸುವುದಿಲ್ಲ. ಒಂದು ಗದ್ಯಭಾಗ, ಕೆಳಗೆ ಪ್ರಶ್ನೆ. ಪ್ರಶ್ನೆಯಲ್ಲಿರುವ ಉದ್ದನೆಯ ಪದ ಗುರುತಿಟ್ಟುಕೋ, ಅದು ಮೇಲೆ ಎಲ್ಲಿದೆ ಹುಡುಕು, ಆ ಸಾಲನ್ನು ಹಾಗೇ ಇಳಿಸು ಎಂದು ಕಲಿಸಿದವನೂ ನಾನೇ. ಅವ್ವ ಇದನ್ನು ಕೇಳಿ, "ಕಳದ ಎಮ್ಮಿ ಕೋಡ ನೋಡಿ ಹಿಡಕೊಂಡು ಬಂದಂಗ ಆತಲ್ಲೋ ತಮ್ಮಾ, ಹಾಲ ಕೊಡ್ತೈತೋ ಇಲ್ಲೋ ಯಾರ ನೋಡ್ತಾರ?" ಅಂದಿದ್ದಳು. ಮಕ್ಕಳ ಕಲಿಕೆ ಅಳೆಯಲು 26 ರಾಜ್ಯಗಳ 28 ಜಿಲ್ಲೆಗಳಲ್ಲಿ ನಡೆದ 'ಅಸರ್' 2023ರ ಸಮೀಕ್ಷೆಯಲ್ಲಿ 14ರಿಂದ 18 ವರ್ಷದ ಹಳ್ಳಿಯ ಮಕ್ಕಳ ಪೈಕಿ ಇಂಗ್ಲಿಷ್ ವಾಕ್ಯ ಓದಿದವರು ಶೇ. 57.3, ಹಾಗೆ ಓದಿದವರಲ್ಲಿ ಅರ್ಥ ಹೇಳಿದವರು ಮುಕ್ಕಾಲು ಪಾಲಿನ ಹತ್ತಿರ. ಸ್ಟಾಫ್ ರೂಮಿನಲ್ಲಿ ಆ ಅಂಕಿ ಓದಿ ಲೊಚಗುಟ್ಟಿದವರಲ್ಲಿ ನಾನೇ ಮೊದಲಿಗ. ಮಾಸ್ತರರ ವಯಸ್ಸಿನವರನ್ನು ಸಮೀಕ್ಷೆಯವರು ಅಳೆಯಲಿಲ್ಲವೆಂಬುದು ಒಳಗಿನ ಸಮಾಧಾನ.

ನನಗೆ ತರಬೇತಿಯೇ ಆಗಿಲ್ಲ ಎನ್ನುವಂತಿಲ್ಲ. 1963ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ 30 ದಿನ ಇದ್ದು ಬಂದವನು. ಮಕ್ಕಳಿಂದ ಅವರದೇ ಮಾತು ಬರೆಸಿ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ನಾನು ಅದನ್ನು ನೋಟುಬುಕ್ಕಿನಲ್ಲಿ ಚೆಂದಾಗಿ ಬರೆದುಕೊಂಡು ಊರಿಗೆ ಬಂದೆ. ಬಂದವನೇ ಊಟಕ್ಕೆ ಕೂತು ಹೆಂಡತಿಗೆ ಇಂಗ್ಲಿಷಿನಲ್ಲಿ ಉಪ್ಪು ಕೇಳಿದೆ. ಮೂರು ದಿನ ಸಪ್ಪೆ ಉಂಡೆ. ನಾಲ್ಕನೆಯ ದಿನ ಕನ್ನಡಕ್ಕೆ ಮರಳಿದೆ.

ಇರಲಿ. ಆ ಭಾನುವಾರ ಅಂಕ ಕೂಡಿಸಲು ಒಂಬತ್ತನೆಯ ಇಯತ್ತೆಯ ಮಗಳನ್ನು ಕೂರಿಸಿಕೊಂಡಿದ್ದೆ. ಅವಳು ಕೂಡಿಸುವುದು ಬಿಟ್ಟು ನನ್ನ ಷರಾ ಓದತೊಡಗಿದಳು.

"ಅಪ್ಪಾ, ಹ್ಯಾಂಡ್‌ರೈಟಿಂಗ್‌ದಾಗ ಎಷ್ಟು ಟಿ ಬರ್ತಾವು?"

"ಎರಡು. ಕಟಿಂಗ್, ಸಿಟಿಂಗ್ ಹೆಂಗೋ ಹಂಗ."

"ಅವಕ್ಕ ಕಡೀಕ 'ಇ' ಇಲ್ಲ. ರೈಟ್‌ಗೆ ಐತಿ. ಅದಕ್ಕ ಒಂದ ಟಿ."

"ರಿಟನ್‌ದಾಗ ಎರಡು ಅದಾವಲ್ಲ!" ಎಂದು ವಾದಿಸಿದೆ. ಮಗಳು ಎದ್ದು ಹೋಗಿ ಡಿಕ್ಷನರಿ ತಂದಳು. ನನ್ನದೇ ಡಿಕ್ಷನರಿ. ಮೇಲಿನ ಧೂಳು ಒರೆಸಿಕೊಟ್ಟವಳೂ ಅವಳೇ.

'ನಿನ್ನ ಕೈಬರಹ ಸುಧಾರಿಸಿಕೋ' ಎಂಬ ಉಪದೇಶವನ್ನು ನಾನು 37 ಪೇಪರುಗಳ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದೆ. 37ಕ್ಕೂ ಎರಡೆರಡು ಟಿ.

ಒಳಗಿಂದ ಅವ್ವ ಕೇಳಿದಳು, "ಏನಾತು?"

"ಅಪ್ಪ ಎರಡೆರಡು ಟಿ ಮಾಡ್ಯಾನ ಅಜ್ಜಿ."

"ಎರಡ ಟೀ ಕುಡದ್ರ ಏನಾತ ಯವ್ವಾ, ದುಡಿಯೋ ಮನಶಾ!"

ಹೆಂಡತಿ ರೊಟ್ಟಿ ಬಡಿಯುವುದು ನಿಲ್ಲಿಸಿ ಬಂದಳು. "ಒಬ್ಬೊಬ್ಬರಿಗೆ ಒಂದೊಂದು ಹೆಚ್ಚಿಗಿ ಅಂದ್ರ 37 ಟೀ. ಸಾಲಿ ಬಿಟ್ಟು ಚಾದಂಗಡಿ ತಗೀರಿ, ಗಿರಾಕಿ ಅದಾವ."

ಮನೆಯಲ್ಲಿದ್ದ ವೈಟ್ನರ್ ಒಣಗಿ ಕಲ್ಲಾಗಿತ್ತು. ಕೊನೆಗೆ 37 ಕಡೆ ಒಂದೊಂದು ಟಿಗೆ ಅಡ್ಡಗೆರೆ ಎಳೆದೆ. ಹುಡುಗರ ಒಂದು ಸ್ಪೆಲಿಂಗ್ ತಪ್ಪಿಗೆ ಅರ್ಧ ಅಂಕ ಕಳೆಯುವುದು ನನ್ನ ಪದ್ಧತಿ. ಮಗಳು ಅದೇ ತಕ್ಕಡಿಯಲ್ಲಿ ನನ್ನನ್ನೂ ತೂಗಿದಳು. "37 ಅರ್ಧ ಅಂದ್ರ ಹದಿನೆಂಟೂವರಿ. 80ರಾಗ ಅರವತ್ತೊಂದೂವರಿ ಉಳೀತು. ಪಾಸ್ ಆಗೀಯಪ್ಪಾ, ಅಂಜಬ್ಯಾಡ."

ಅಡ್ಡಗೆರೆ ಎಳೆಯುವ ಭರದಲ್ಲಿ ಒಂದು ಪೇಪರು ಹೆಂಡತಿಯ ಕೈ ಸೇರಿತು. ಅವಳು ಸಿಂದಗಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಪಿಯುಸಿ ಓದಿದವಳು. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು: "ಸರ್, ಥ್ರೀ ಡೇ ಐ ನಾಟ್ ಕಮ್. ಲೆಮನ್ ಕಟಿಂಗ್. ಫಾದರ್ ಬ್ಯಾಕ್ ಪೇನ್. ನೌ ರೇಟ್ ಗುಡ್."

ತಾರೀಖಿಲ್ಲ, ವಿಳಾಸವಿಲ್ಲ, ವಿಧೇಯ ವಿದ್ಯಾರ್ಥಿ ಎಂಬುದಿಲ್ಲ, ಮುಖ್ಯವಾಗಿ ಜ್ವರವಿಲ್ಲ. ಐದಕ್ಕೆ ಒಂದು ಕೊಟ್ಟಿದ್ದೆ.

"ಇದಕ್ಕ ಒಂದ ಏನ್ರಿ? ಯಾಕ ಬರಂಗಿಲ್ಲ, ಮನ್ಯಾಗ ಏನಾಗೈತಿ, ಎಲ್ಲಾ ಹೇಳ್ಯಾನ. ಲಿಂಬಿ ರೇಟ್ ಸೈತ ತಿಳೀತು ನನಗ. ಐದಕ್ಕ ಐದು ತಗೊಂಡಾವರು ಏನ ಹೇಳ್ಯಾರ, ಅದನ್ನ ಹೇಳ್ರಿ ನೋಡೋಣು."

ನನ್ನ ಹತ್ತಿರ ಉತ್ತರವಿರಲಿಲ್ಲ. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ನನ್ನ ಅರ್ಜಿಯ ನಮೂನೆಯೊಳಗೆ ಮಾತ್ರ ಅದಕ್ಕೆ ಈವರೆಗೂ ಪ್ರವೇಶ ಸಿಕ್ಕಿರಲಿಲ್ಲ. ಒಂದನ್ನು ಹೊಡೆದು ಮೂರು ಮಾಡಿದೆ. ಹೆಂಡತಿ ಅಲ್ಲಿಂದ ಕದಲಲಿಲ್ಲ. ನಾಲ್ಕು ಮಾಡಿದೆ. ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು.

ಮರುದಿನ ತರಗತಿಯಲ್ಲಿ ಹೊಸ ಪರೀಕ್ಷೆ ಕೊಟ್ಟೆ. ರಜಾ ಅರ್ಜಿ ಬರೆಯಿರಿ, ಜ್ವರ ಬರೆದವರಿಗೆ ಸೊನ್ನೆ. ಹುಡುಗರು ಹತ್ತು ನಿಮಿಷ ಮೇಲೆ ಫ್ಯಾನ್ ನೋಡಿದರು. ಆಮೇಲೆ ಎಮ್ಮೆ ಈದದ್ದು, ಅಜ್ಜಿ ಬಿದ್ದದ್ದು, ಅಕ್ಕನ ನಿಶ್ಚಯ, ಬೋರಿನ ಮೋಟಾರು ಸುಟ್ಟದ್ದು, ಎಲ್ಲ ಬಂತು. ತಪ್ಪುಗಳಿಗೆ ಲೆಕ್ಕವಿಲ್ಲ. ಆದರೆ ಪೇಪರ್ ತಿದ್ದುತ್ತ ತೂಕಡಿಸದೆ 42ನ್ನೂ ಓದಿದ್ದು ನನ್ನ ನೌಕರಿಯಲ್ಲಿ ಅದೇ ಮೊದಲು.

ಎಲ್ಲದರ ಕೆಳಗೂ 'ಗುಡ್' ಎಂದಷ್ಟೇ ಷರಾ ಬರೆದೆ. ಅದರಲ್ಲಿ ಟಿ ಬರುವುದಿಲ್ಲ.