ಎಷ್ಟು ಅಡಿ, ಸ್ವಾಮಿ?

(ಕನ್ನಂಬಾಡಿ ತುಂಬಿದೆ. ಬಾಗಿನ ಬಿಟ್ಟಾಗಿದೆ. ಟೀವಿಯವರು ಮನೆ ಸೇರಿದ್ದಾರೆ. ನೆರೆಯ ಬಗ್ಗೆ ಯಾರೂ ಮಾತಾಡಿಸದೆ ಉಳಿದಿದ್ದವರು ಭೀಮೇಶ್ವರಿಯ ಮಡುವಿನಲ್ಲಿದ್ದರು: ಕಾವೇರಿಯ ಡುಬ್ಬದ ಮಹಶೀರ್.)

ನಾನು: ನಮಸ್ಕಾರ. ಕನ್ನಂಬಾಡಿ 124.80 ಅಡಿ ಮುಟ್ಟಿದೆ. ದೇಶ ಮೀಟರಿಗೆ ಬಂದು 60 ವರ್ಷ ದಾಟಿತು. ಇನ್ನೂ ಅಡಿ ಯಾಕೆ?

ಮಹಶೀರ್: ನೆರೆ ವಿಚಾರ ಕೇಳ್ತೀರಿ ಅಂದ್ಕೊಂಡಿದ್ದೆ.

ನಾನು: ಅದೇ. ಈ ಟಿಎಂಸಿ ನೋಡಿ. ಒಂದು ಟಿಎಂಸಿ ಅಂದರೆ ಸುಮಾರು 2,831 ಕೋಟಿ ಲೀಟರ್ ಎಂದು ಯಾರಾದರೂ ಬಿಡಿಸಿ ಹೇಳುತ್ತಾರೆಯೇ?

ಮಹಶೀರ್: ನಮಗೆ ನೆರೆ ಅಂದ್ರೆ ಲಗ್ನಪತ್ರಿಕೆ, ಸ್ವಾಮಿ. ಕೆಂಪು ನೀರು ಬಂದ್ರೆ ಎದುರು ಈಜಿ, ಹರಳುಕಲ್ಲಿನ ತೊರೆ ಹುಡುಕಿ ಮೊಟ್ಟೆ ಇಡ್ಬೇಕು. ಅದಿರ್ಲಿ, ಆ ನೀಲಿ ರೆಕ್ಕೆಯ ಮಹಶೀರ್‌ಗಳ ವಿಚಾರ ಬರ್ಕೊಳ್ಳಿ! ಲೋನಾವಳದ ತೊಟ್ಟೀಲಿ ಹುಟ್ಟಿದವ್ರು. ನಮ್ಮ ಹೊಳೆಗೆ ತಂದು ಬಿಟ್ರು, ಬಾಡಿಗೆಗೆ ಬಂದವ್ರೇ ಯಜಮಾನ್ರಾದ್ರು. ನಂಗೆ 2018ರವರೆಗೂ ಸರಿಯಾದ ಶಾಸ್ತ್ರೀಯ ಹೆಸ್ರೇ ಇಲ್ಲ. ಕೊನೆಗೆ ಕೇರಳದ ಪಾಂಬಾರಿನ ನೆಂಟ್ರ ಹೆಸ್ರೇ ನಂದೂ ಅಂದ್ರು: ಟಾರ್ ರೆಮಾದೇವಿ. ಅದೇ ವರ್ಷ ಅಳಿವಿನಂಚಿನ ಪಟ್ಟಿಗೂ ಹಾಕಿದ್ರು. ನಾಮಕರಣದ ದಿನವೇ ತಿಥಿ ಕಾರ್ಡು!

ನಾನು: ಅಣೆಕಟ್ಟುಗಳು ನಿಮ್ಮ ದಾರಿ ಕಟ್ಟಿಲ್ಲವೇ?

ಮಹಶೀರ್: ಕಟ್ಟಿವೆ, ಕಟ್ಟಿವೆ. ಆ ನೀಲಿ ರೆಕ್ಕೆಯವ್ರು ಇದಾರಲ್ಲ...

ನಾನು: 1946ರಲ್ಲಿ ಕಬಿನಿಯಲ್ಲಿ ವ್ಯಾನ್ ಇಂಗೆನ್ ಎಂಬವರ ಗಾಳಕ್ಕೆ ಸಿಕ್ಕ ನಿಮ್ಮ ಹಿರಿಯರು 120 ಪೌಂಡ್ ತೂಗಿದರಂತೆ. 54 ಕಿಲೋ ಅನ್ನಬಾರದೇ?

ಮಹಶೀರ್: ಆಮೇಲಿನ ಗಾಳದೋರು ಹಿಡಿದು, ಫೋಟೊ ತೆಗೆದು, ನೀರಿಗೆ ಬಿಡ್ತಿದ್ರು. ಬಾಯಿ ನೋಯ್ತಿತ್ತು, ಜೀವ ಉಳೀತಿತ್ತು. ಅವ್ರ ಗಾಳ ನಿಲ್ಲಿಸಿದ್ರು. ಸಿಡಿಮದ್ದಿನ ತೋಟೆ ಹಾಕೋರ್ನ ಯಾರು ನಿಲ್ಲಿಸಿದ್ರು?

(ಸ್ವಲ್ಪ ಹೊತ್ತು ಮಾತಿಲ್ಲ.)

ಮಹಶೀರ್: ಗೇಟು ತೆಗೀತಾರೆ, ಹೊಳೆ ಉಕ್ಕತ್ತೆ. ಗೇಟು ಹಾಕ್ತಾರೆ, ಬೆಳಗಾಗೋದ್ರೊಳಗೆ ಇಳಿಯತ್ತೆ. ಮರಿಗಳು ಬಂಡೆ ಗುಂಡೀಲಿ ಸಿಕ್ಕಿಬೀಳ್ತವೆ. ಉಳಿದವ್ರು ಮಡು ಸೇರಿದ್ರೆ ಅಲ್ಲಿ ಒಂದು ತೋಟೆ. ಅವ್ರಿಗೆ ಬೇಕಾದ್ದು ನಾಲ್ಕು ಮೀನು, ಸಾಯೋದು ಇಡೀ ಮಡು. ಬಾಗಿನದ ಮೊರ ತೇಲಿದ್ದನ್ನ ನಾಡೆಲ್ಲ ನೋಡ್ತು. ನಮ್ಮ ಮಕ್ಕಳು ಹೊಟ್ಟೆ ಮೇಲಾಗಿ ತೇಲಿದ್ದನ್ನ ಯಾವ ಕ್ಯಾಮೆರಾ ನೋಡ್ತು?

(ಏನು ಕೇಳಬೇಕೋ ತೋಚಲಿಲ್ಲ. ಅಭ್ಯಾಸಬಲ.)

ನಾನು: ಈಗ ಇಲ್ಲಿ ನೀರೆಷ್ಟಿದೆ? ಮೀಟರಿನಲ್ಲಿ?

ಮಹಶೀರ್: ನನ್ನ ಡುಬ್ಬ ಕಾಣ್ತಾ ಇದೆಯಲ್ಲ, ಸ್ವಾಮಿ. ಅಷ್ಟೇ ಇದೆ.