ಕಾಂಪ್‌ದಾ

ಕೋಲ್ಕತ್ತದ ಪ್ರತಿ ಪಾಡಾದಲ್ಲೂ, ಅಂದರೆ ಪ್ರತಿ ಕೇರಿಯಲ್ಲೂ, ನಾಲ್ಕಾರು ತಜ್ಞರಿರುತ್ತಾರೆ. ಫುಟ್‌ಬಾಲಿನ ತಜ್ಞರಿಗೆ ಮಂಡಿನೋವು. ಇಲಿಶ್ ಮೀನಿನ ತಜ್ಞರಿಗೆ ಡಾಕ್ಟರು ಎಣ್ಣೆ ಬಿಡಿಸಿದ್ದಾರೆ. ರವೀಂದ್ರ ಸಂಗೀತದ ತಜ್ಞರು ಹಾಡಿದ್ದನ್ನು ಯಾರೂ ಕೇಳಿಲ್ಲ. ಬೇರೆಯವರು ಹಾಡುವಾಗ ಅವರು ಮುಖ ಹಿಂಡುವುದನ್ನು ಮಾತ್ರ ಎಲ್ಲರೂ ನೋಡಿದ್ದಾರೆ. ಇವರಿಗೆಲ್ಲ ಹೆಸರಿನ ಕೊನೆಗೆ ‘ದಾ’ ಹಚ್ಚಿ ಅಣ್ಣನ ಪಟ್ಟ ಕಟ್ಟುವುದು ಅಲ್ಲಿನ ವಾಡಿಕೆ. ಬ್ಯಾಂಕಿನ ವರ್ಗಾವಣೆಯ ಮೇಲೆ ಹೋದ ನಾನು, ನುಗ್ಗೆಕಾಯಿ ಬಾಳೆಎಲೆ ಕಾಫಿಪುಡಿಗಳ ಆಸೆಗೆ ದಕ್ಷಿಣದವರೆಲ್ಲ ಮಾಡುವಂತೆ ಲೇಕ್ ಮಾರ್ಕೆಟ್ ಹತ್ತಿರ ಮನೆ ಹಿಡಿದೆ. ಅಲ್ಲಿ ನನ್ನ ಪಾಲಿಗೆ ಬಂದ ತಜ್ಞರು ಕಾಂಪ್‌ದಾ.

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇದೆ. ಅದು ಕರೆಂಟು ಬಿಲ್ಲಿನ ಮೇಲೆ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿಲ್ಲ. ವಿಮೆ ಕಚೇರಿಯಿಂದ ನಿವೃತ್ತರು. ನವೆಂಬರ್ ಅರ್ಧ ಕಳೆಯುವುದರೊಳಗೆ ಮಂಕಿ ಕ್ಯಾಪ್ ಏರುತ್ತದೆ. ಜೋಳಿಗೆಯಲ್ಲಿ ಆಮ್ಲಪಿತ್ತದ ಔಷಧ, ಕೈಯಲ್ಲಿ ಕೊಡೆ. ಕೊಡೆ ಮಳೆಗಲ್ಲ, ಪ್ರಾತ್ಯಕ್ಷಿಕೆಗೆ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೂಲೆಯ ಚಹಾದಂಗಡಿಯ ಕಡೆಗೆ ಚಾಚಿ, “ಧಾಂಯ್! ನೋಡಿದಿರಾ? ಮೂತಿ ಎಷ್ಟು ಮೇಲೆದ್ದಿತು!” ಎನ್ನುತ್ತಾರೆ. ಚಹಾ ಮಾಡುವ ಹುಡುಗ ತಲೆ ತಗ್ಗಿಸುವುದನ್ನು ಬಿಟ್ಟು ವರ್ಷಗಳಾದವು.

ಬಂಗಾಳಿಗಳ ಕಥಾಲೋಕದಲ್ಲಿ ಇಂಥ ಅಣ್ಣಂದಿರಿಗೆ ಬರವಿಲ್ಲ. ಪ್ರೇಮೇಂದ್ರ ಮಿತ್ರರು 1945ರಲ್ಲಿ ಹುಟ್ಟಿಸಿದ ಘನಾದಾ ಮೆಸ್ಸಿನ ಕುರ್ಚಿಯಲ್ಲಿ ಕೂತೇ ಭೂಮಂಡಲ ಗೆದ್ದು ಬರುತ್ತಾನೆ. ಸತ್ಯಜಿತ್ ರೇ 1965ರಲ್ಲಿ ತಂದ ಪತ್ತೇದಾರ ಫೆಲುದಾನ ಹತ್ತಿರ .32 ಕೋಲ್ಟ್ ರಿವಾಲ್ವರ್ ಇದೆ, ಅದಕ್ಕಿಂತ ಹೆಚ್ಚಾಗಿ ಬುದ್ಧಿ ಇದೆ. ನಮ್ಮ ಕಾಂಪ್‌ದಾ ಇಬ್ಬರಿಂದಲೂ ಪಾಲು ಪಡೆದವರು: ಫೆಲುದಾನಿಂದ .32, ಘನಾದಾನಿಂದ ಕುರ್ಚಿ.

ಅವರ ಜೀವನದ ಧ್ಯೇಯ ಒಂದು ಪಿಸ್ತೂಲು ಆರಿಸುವುದು. ಎಂಥದ್ದೋ ಪಿಸ್ತೂಲಲ್ಲ. ಐಪಿಎಸ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಹುಟ್ಟಿತು. ಅದರ ಪಂದ್ಯಗಳಲ್ಲಿ ಒಲಿಂಪಿಕ್ಸಿನವರಂತೆ ನಿಂತಲ್ಲೇ ಉಸಿರು ಕಟ್ಟಿ ಗುರಿ ಇಡುವ ಪದ್ಧತಿಯಿಲ್ಲ. ಓಡಬೇಕು, ಬಗ್ಗಬೇಕು, ತಡಿಕೆಯ ಮರೆಯಿಂದ ಇಣುಕಿ ಹೊಡೆಯಬೇಕು. ಗಳಿಸಿದ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. ಅದರಲ್ಲಿ ಓಪನ್ ಎಂಬ ವಿಭಾಗ ದುಡ್ಡಿದ್ದವರ ಜಾತ್ರೆ. ಪಿಸ್ತೂಲಿನ ನೆತ್ತಿಗೆ ಕೆಂಪು ಚುಕ್ಕಿ ತೋರಿಸುವ ಗಾಜು, ಹೊಟ್ಟೆಗೆ 170 ಮಿಲಿಮೀಟರ್ ಉದ್ದದ ಮ್ಯಾಗಜೀನು, ಬಾಯಿಗೆ ಕಾಂಪೆನ್ಸೇಟರ್. ಗುಂಡಿನ ಬೆನ್ನಿಗೆ ನುಗ್ಗುವ ಬಿಸಿ ಅನಿಲ ಈ ಕಾಂಪೆನ್ಸೇಟರಿನ ಕಿಂಡಿಗಳಿಂದ ಮೇಲಕ್ಕೆ ಚಿಮ್ಮುತ್ತದೆ. ಚಿಮ್ಮುವಾಗ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಮೂತಿ ಎಗರದಿದ್ದರೆ ಎರಡನೇ ಗುಂಡು ಬೇಗ ಹೊರಡುತ್ತದೆ. ಅಕ್ಕಪಕ್ಕದವರ ಕಿವಿ ಹೋಗುತ್ತದೆ, ಅದು ಬೇರೆ ಮಾತು.

ಇಷ್ಟು ನನಗೂ ತಿಳಿಯಿತು. ಆಮೇಲೆ ಲೆಕ್ಕ ಶುರುವಾಯಿತು. ಗುಂಡಿನ ತೂಕ ಗ್ರೇನಿನಲ್ಲಿ, ವೇಗ ಸೆಕೆಂಡಿಗೆ ಅಡಿಗಳಲ್ಲಿ. ಗುಣಿಸಿ ಸಾವಿರದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್. ಓಪನ್‌ನಲ್ಲಿ 160 ಮುಟ್ಟಿದವನು ಮೇಜರ್, 125 ಮುಟ್ಟಿದವನು ಮೈನರ್. ನಡುವಣ ‘ಎ’ ವಲಯಕ್ಕೆ ಬಿದ್ದರೆ ಇಬ್ಬರಿಗೂ 5 ಅಂಕ. ಪಕ್ಕದ ‘ಸಿ’ ವಲಯಕ್ಕೆ ಜಾರಿದರೆ ಮೇಜರಿಗೆ 4, ಮೈನರಿಗೆ 3. “ಹಾಗಾದರೆ ‘ಎ’ ವಲಯಕ್ಕೇ ಹೊಡೆದರಾಯಿತಲ್ಲ?” ಎಂದೆ. ಕಾಂಪ್‌ದಾ ಮಣ್ಣಿನ ಕುಡಿಕೆಯನ್ನು ಕೆಳಗಿಟ್ಟು, ನನ್ನನ್ನು ಬಹಳ ಹೊತ್ತು ಕನಿಕರದಿಂದ ನೋಡಿದರು.

125 ಗ್ರೇನಿನ ಗುಂಡನ್ನು 1280 ಅಡಿ ವೇಗದಲ್ಲಿ ಓಡಿಸಿದರೆ ಸರಿಯಾಗಿ 160. ಈಗ ಅದನ್ನು .38 ಸೂಪರ್‌ನಲ್ಲಿ ಓಡಿಸಬೇಕೋ, 9 ಮಿಲಿಮೀಟರಿಗೆ ಮದ್ದು ಹೆಚ್ಚು ತುಂಬಿದ 9 ಮೇಜರ್‌ನಲ್ಲೋ? ಸೂಪರ್‌ನ ಹಿತ್ತಾಳೆ, ಅಂದರೆ ತೋಟಾದ ಕೋಶ, ಉದ್ದ; ನಿಧಾನವಾಗಿ ಉರಿಯುವ ಮದ್ದು ಧಾರಾಳ ಹಿಡಿಯುತ್ತದೆ. ಮದ್ದು ಹೆಚ್ಚಿದಷ್ಟೂ ಅನಿಲ ಹೆಚ್ಚು, ಅನಿಲ ಹೆಚ್ಚಿದಷ್ಟೂ ಕಾಂಪೆನ್ಸೇಟರಿಗೆ ಕೆಲಸ. 9ರ ಹಿತ್ತಾಳೆ ಅಗ್ಗ, ಹೊಡೆದದ್ದು ಹುಲ್ಲಿನಲ್ಲಿ ಕಳೆದುಹೋದರೂ ಅಳು ಬರುವುದಿಲ್ಲ. ಈ ವ್ಯಾಜ್ಯ ಕಾಂಪ್‌ದಾ ತಲೆಯಲ್ಲಿ ನಡೆಯುತ್ತಿರುವಾಗಲೇ ಅವರ ಮಗಳ ಮದುವೆಯಾಯಿತು, ಮೊಮ್ಮಗ ಶಾಲೆಗೆ ಸೇರಿದ. ಇಟಲಿಯ ಟ್ಯಾನ್‌ಫೋಲಿಯೊ ಪಿಸ್ತೂಲಿನ ಮೇಲೆ ಒಂದು ಚಳಿಗಾಲ ಪ್ರೀತಿಯಿತ್ತು. ಬೇಸಿಗೆಗೆ ಜೆಕ್ ದೇಶದ ಚೆಕ್‌ಮೇಟ್ ಬಂತು. ಟೆಕ್ಸಾಸಿನ ಇನ್ಫಿನಿಟಿಯ ವಿಷಯ ಎತ್ತಿದಾಗ ಮಾತ್ರ ಅವರ ದನಿ ತಗ್ಗುತ್ತದೆ. ಅಂಥದ್ದಕ್ಕೆ ಸಾವಿರಗಟ್ಟಲೆ ಡಾಲರ್ ಸುರಿದು, ಕಟ್ಟಿಕೊಡುವವನ ಸರದಿಗಾಗಿ ತಿಂಗಳುಗಟ್ಟಲೆ ಕಾಯಬೇಕು. ಕಾಯುವುದೆಂದರೆ ಕಾಂಪ್‌ದಾಗೆ ತೊಂದರೆಯೇ ಅಲ್ಲ.

ಬೌದಿ, ಅಂದರೆ ನಮ್ಮ ಅತ್ತಿಗೆ, ಸಿಂಗಾಡದ, ಅಂದರೆ ಸಮೋಸದ, ತಟ್ಟೆ ಇಡುತ್ತ ಒಮ್ಮೆ ಅಂದರು: “ರಾವ್ ಬಾಬು, ನನ್ನನ್ನು ನೋಡಲು ಬಂದಾಗ ಈ ಮನುಷ್ಯ ಒಂದು ಸಿಂಗಾಡ ತಿಂದು ಮುಗಿಸುವುದರೊಳಗೆ ಒಪ್ಪಿಬಿಟ್ಟಿದ್ದರು. ನನ್ನ ಮೂಗು ಯಾವ ಕಡೆಗಿದೆ ಅಂತಲೂ ಸರಿಯಾಗಿ ನೋಡಲಿಲ್ಲ.” ಕಾಂಪ್‌ದಾ ತಲೆಯೆತ್ತದೆ ಹೇಳಿದರು: “ಆಗ ಮಾಹಿತಿ ಕಡಿಮೆಯಿತ್ತು.”

ಇನ್ನು ಮುಖ್ಯ ಸಂಗತಿ. ನಮ್ಮ ದೇಶದಲ್ಲಿ 9 ಮಿಲಿಮೀಟರ್ ಆಗಲಿ .38 ಆಗಲಿ ಸಾಮಾನ್ಯ ನಾಗರಿಕನ ಲೈಸೆನ್ಸಿಗೆ ದಕ್ಕುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೆಕ್ಕದಲ್ಲಿ ಅವು ನಿಷೇಧಿತ ಬೋರ್. ಇದು ಗೊತ್ತಾದ ದಿನ ನಾನು ಬಹಳ ಮರುಗಿ ಕಾಂಪ್‌ದಾ ಮನೆಗೆ ಸಮಾಧಾನ ಹೇಳಲು ಹೋದೆ. ಅವರು ನನಗಿಂತ ಮೂವತ್ತು ವರ್ಷ ಮೊದಲೇ ತಿಳಿದುಕೊಂಡಿದ್ದರು. ಕಾಯ್ದೆಯ ಮೇಲೆ ಅವರಿಗೆ ಒಂದಿಷ್ಟೂ ಸಿಟ್ಟಿಲ್ಲ. ಅದೇ ಅವರ ನಿಜವಾದ ಆಪ್ತಮಿತ್ರ ಎಂಬುದು ನನ್ನ ಅಭಿಪ್ರಾಯ. ಕೊಳ್ಳಲು ಬರುವಂತಿದ್ದರೆ ಎಂದೋ ಒಂದು ದಿನ ಆರಿಸಿ, ದುಡ್ಡು ಕೊಟ್ಟು, ಮೈದಾನಕ್ಕೆ ಹೋಗಿ, ತಡಿಕೆಯ ಹಿಂದೆ ಬಗ್ಗಬೇಕಾಗುತ್ತಿತ್ತು. ಬಗ್ಗಿದರೆ ಏಳುವುದು?

ಹಾಗೆಂದು ಅವರು ಬರಿಗೈಯವರಲ್ಲ. ಅಪ್ಪನಿಂದ ಬಂದ .32 ವೆಬ್ಲಿ ರಿವಾಲ್ವರ್ ಒಂದಿದೆ, ಲಾಲ್‌ಬಜಾರಿನ ಪೊಲೀಸ್ ಕಚೇರಿಯಿಂದ ಕ್ರಮವಾಗಿ ಲೈಸೆನ್ಸೂ ಆಗಿದೆ. 98 ಗ್ರೇನ್, ಹೆಚ್ಚೆಂದರೆ 700 ಅಡಿ: ಪವರ್ ಫ್ಯಾಕ್ಟರ್ 69ರ ಒಳಗೆ. ಮೇಜರಿನ ಅರ್ಧವೂ ಇಲ್ಲ. ಸಾಲದ್ದಕ್ಕೆ ರಿವಾಲ್ವರಿನ ಉರುಳೆಗೂ ನಳಿಗೆಗೂ ನಡುವಿನ ಸಂದಿನಲ್ಲೇ ಅನಿಲ ಸೋರುತ್ತದೆ. “ಕಾಂಪೆನ್ಸೇಟರ್ ಹಾಕಿದರೆ ಅದಕ್ಕೆ ಏನು ಊಟ ಹಾಕಲಿ?” ಎಂದು ಕೇಳುತ್ತಾರೆ. ರಿವಾಲ್ವರೂ ಮನೆಯಲ್ಲಿರುವುದು ಅಪರೂಪ. ಚುನಾವಣೆ ಬಂತೆಂದರೆ ಜಮಾ ಮಾಡಬೇಕು; 2021ರ ವಿಧಾನಸಭಾ ಚುನಾವಣೆ ಬಂಗಾಳದಲ್ಲಿ ಎಂಟು ಹಂತಗಳಲ್ಲಿ ನಡೆಯಿತು. ಅದು ಮುಗಿದ ಮೇಲೆ ಮರಳಿ ತರುವುದಕ್ಕೆ ಬೌದಿ ಬಿಡಲಿಲ್ಲ, ಆ ಕಪಾಟಿನ ಜಾಗದಲ್ಲಿ ಉಪ್ಪಿನಕಾಯಿ ಜಾಡಿಗಳು ನೆಲೆಯೂರಿದ್ದವು. ಫೆಲುದಾನ ಬೋರ್ ಈಗ ಡೀಲರನ ಅಂಗಡಿಯ ತಿಜೋರಿಯಲ್ಲಿದೆ.

ಡಾಲ್‌ಹೌಸಿಯ ಕಡೆ ಅವರೊಡನೆ ನಡೆದರೆ ರೋಡಾ ಕಂಪನಿಯ ಕಥೆ ತಪ್ಪುವುದಿಲ್ಲ. 1914ರ ಆಗಸ್ಟ್ 26ರಂದು ಆ ಬಂದೂಕು ಕಂಪನಿಯ ಗುಮಾಸ್ತ ಶ್ರೀಶಚಂದ್ರ ಮಿತ್ರ ಕಸ್ಟಮ್ಸ್ ಕಚೇರಿಯಿಂದ ಮಾಲು ಬಿಡಿಸಿಕೊಂಡು ಎತ್ತಿನ ಗಾಡಿಗಳಲ್ಲಿ ಹೊರಟ. ಹಿಂದಿನ ಗಾಡಿ ಹೊಡೆಯುತ್ತಿದ್ದವನು ಗಾಡಿಯವನ ವೇಷದ ಕ್ರಾಂತಿಕಾರಿ ಹರಿದಾಸ ದತ್ತ. ಉಳಿದವು ಗೋದಾಮು ಸೇರಿದವು, ಆ ಗಾಡಿ ಸೇರಲಿಲ್ಲ. ಅದರಲ್ಲಿ ಇದ್ದದ್ದು 50 ಮೌಸರ್ ಪಿಸ್ತೂಲು, 46,000 ತೋಟಾ. ಕ್ರಾಂತಿಕಾರಿ ಬಾಘಾ ಜತೀನ್ 1915ರಲ್ಲಿ ಬಾಲಸೋರಿನಲ್ಲಿ ಕೊನೆಯ ಕಾದಾಟ ಕಾದಿದ್ದು ಈ ಮೌಸರುಗಳ ಬಲದಿಂದಲೇ. ಕೇಳುವವರಿಗೆ ಮೈ ಜುಮ್ಮೆನ್ನುತ್ತದೆ. ಕಾಂಪ್‌ದಾ ನಿಟ್ಟುಸಿರಿಟ್ಟು, “ಒಳ್ಳೆಯ ಹುಡುಗರು, ರಾವ್ ಬಾಬು. ಆದರೆ ಆರಿಸಲು ಸಮಯವೇ ತೆಗೆದುಕೊಳ್ಳಲಿಲ್ಲ” ಎಂದರು.

ನಾನು ಕರ್ನಾಟಕದವನೆಂಬುದು ಅವರಿಗೆ ಒಂದೇ ಕಾರಣಕ್ಕೆ ಮುಖ್ಯ. “ನಿಮ್ಮಲ್ಲಿ ಲೈಸೆನ್ಸೇ ಇಲ್ಲದೆ ಬಂದೂಕು ಇಡಬಹುದಂತೆ?” ನಮ್ಮಲ್ಲಿ ಅಲ್ಲ, ಕೊಡಗಿನಲ್ಲಿ, ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ, ಅದೂ ಕೋವಿಗೆ, ಪಿಸ್ತೂಲಿಗಲ್ಲ, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ ಎಂದು ವಿವರಿಸಿದೆ. ನಮ್ಮ ಬ್ಯಾಂಕಿನಲ್ಲೇ ಇದ್ದ ಕೊಡವ ಗೆಳೆಯನೊಬ್ಬನನ್ನು ಕರೆದುಕೊಂಡೂ ಹೋದೆ. ಒಂದು ಗಂಟೆ ಕಾಂಪೆನ್ಸೇಟರಿನ ಕಿಂಡಿಗಳ ಬಗ್ಗೆ ಉಪನ್ಯಾಸ ಕೇಳಿದ ಮೇಲೆ ಅವನು ವಿನಯದಿಂದಲೇ ಕೇಳಿದ: “ಎಲ್ಲ ಸರಿ ದಾದಾ. ಇದುವರೆಗೆ ಎಷ್ಟು ಕಾಯಿ ಒಡೆದಿದ್ದೀರಿ?”

ಕಾಂಪ್‌ದಾ ವಿಚಲಿತರಾಗಲಿಲ್ಲ. “ದೂರ ಎಷ್ಟು? ಗಾಳಿ ಯಾವ ಕಡೆಯಿಂದ? ಕಾಯಿ ಸುಲಿದದ್ದೋ, ಸಿಪ್ಪೆ ಸಮೇತವೋ?”

ಗೆಳೆಯ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಇವರ ಜೊತೆ ಹಬ್ಬಕ್ಕೆ ಹೋದರೆ ಕಾಯಿ ಮೊಳಕೆ ಬರುತ್ತೆ ಮಾರಾಯ” ಎಂದ.

ಭಾನುವಾರ ಬೆಳಿಗ್ಗೆ ಅವರು ರೈಫಲ್ ಕ್ಲಬ್ಬೊಂದಕ್ಕೆ ಹೋಗುತ್ತಾರೆ, ಹೊಡೆಯಲು ಅಲ್ಲ, ತಿದ್ದಲು. ಬಂಗಾಳದಲ್ಲಿ ಶೂಟಿಂಗಿಗೆ ನಿಜವಾದ ಬೇರಿದೆ. ಹೂಗ್ಲಿ ಜಿಲ್ಲೆಯ ಬೈದ್ಯಬಾಟಿಯ ಮೆಹುಲಿ ಘೋಷ್ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದವರು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಜಯದೀಪ್ ಕರ್ಮಾಕರ್ 50 ಮೀಟರ್ ಪ್ರೋನ್ ರೈಫಲಿನಲ್ಲಿ ನಾಲ್ಕನೆಯವರಾದರು, ಕಂಚು 1.9 ಅಂಕದಲ್ಲಿ ತಪ್ಪಿತು. ಆ 1.9 ಎಲ್ಲಿ ಹೋಯಿತೆಂಬುದು ಕಾಂಪ್‌ದಾಗೆ ಗೊತ್ತು. ಕೇಳಿದವರಿಗೆಲ್ಲ ಹೇಳಿದ್ದಾರೆ. ಕರ್ಮಾಕರ್ ಒಬ್ಬರು ಕೇಳಿಲ್ಲ.

ಅಂಥದೊಂದು ಭಾನುವಾರ, ಹದಿನಾಲ್ಕರ ಹುಡುಗಿಯೊಬ್ಬಳು 10 ಮೀಟರ್ ಏರ್ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. ಅಲ್ಲಿನ ಹತ್ತರ ವೃತ್ತಕ್ಕೆ ಇರುವ ಅಡ್ಡಳತೆ 11.5 ಮಿಲಿಮೀಟರ್. ಒಂದೇ ಕೈ ಚಾಚಿ ಹುಡುಗಿ ಅದರೊಳಗೆ ಒಂದಾದ ಮೇಲೊಂದು ಗುಂಡು ಇಳಿಸುತ್ತಿದ್ದಳು. ಕಾಂಪ್‌ದಾ ಪಕ್ಕದಲ್ಲಿ ನಿಂತು ಓಪನ್ ವಿಭಾಗದ ವೈಭವ ವರ್ಣಿಸುತ್ತಿದ್ದರು. ಅವಳು ಪಿಸ್ತೂಲು ಕೆಳಗಿಟ್ಟು, ಜೇಠು ಅಂದರೆ ದೊಡ್ಡಪ್ಪ ಎಂದು ಕರೆದು, ಹೇಳಿದಳು:

“ಜೇಠು, ಇದಕ್ಕೂ ಕಾಂಪೆನ್ಸೇಟರ್ ಇದೆ.”

ಇತ್ತು. ಮೂತಿಯ ತುದಿಯಲ್ಲಿ ಕಿಂಡಿಗಳು. ಪೆಲೆಟ್ಟಿನ ಹಿಂದಿನ ಗಾಳಿ ಅಲ್ಲಿಂದ ಹೊರಬೀಳುತ್ತದೆ.

“ಲೈಸೆನ್ಸೂ ಬೇಡ ಜೇಠು. .177 ಬೋರ್, 20 ಜೂಲಿನ ಒಳಗೆ. 2016ರ ನಿಯಮ. ನೀವು ನಾಳೆಯೇ ತಗೋಬಹುದು.”

ಕಾಂಪ್‌ದಾ ಮುಖದಲ್ಲಿ ರಕ್ತ ಇಳಿದದ್ದನ್ನು ನಾನು ನೋಡಿದೆ. ಕಾಯ್ದೆ ಇಲ್ಲ, ಆಮದಿನ ತಂಟೆಗೆ ಕ್ಲಬ್ಬಿನವರೇ ದಾರಿ ತೋರಿಸುತ್ತಾರೆ, ಬೆಲೆ ಎರಡು ಲಕ್ಷದ ಆಸುಪಾಸು, ವಿಮೆಯ ಪಾಲಿಸಿಯೂ ಅದೇ ತಿಂಗಳು ಪಕ್ವವಾಗಿತ್ತು. ನಡುವೆ ಅಡ್ಡ ನಿಲ್ಲಲು ಏನೂ ಉಳಿದಿರಲಿಲ್ಲ. ಜೋಳಿಗೆಯಿಂದ ಔಷಧ ತೆಗೆದು ಎರಡು ಗುಟುಕು ಕುಡಿದರು. ಹುಡುಗಿ ಪಿಸ್ತೂಲನ್ನು ಅವರ ಕಡೆ ಚಾಚಿ, “ಹೊಡೆದು ನೋಡಿ” ಎಂದಳು. ಅವರು ಅದನ್ನು ಹಿಡಿದು ತಿರುಗಿಸಿ, ಮರದ ಹಿಡಿಯ ಮೇಲೆ ಬೆರಳಾಡಿಸಿದರು. ನಿಧಾನವಾಗಿ ಬಣ್ಣ ಮರಳಿತು.

“ಇದು ಸ್ಟೈರ್. ಮೊರೀನಿ ಏಕೆ ತೆಗೆದುಕೊಳ್ಳಲಿಲ್ಲ?”

“ಇದು ಸಿಕ್ಕಿತು, ತಗೊಂಡೆ.”

“ಟ್ರಿಗರ್ ಮೆಕ್ಯಾನಿಕಲ್ಲೋ, ಎಲೆಕ್ಟ್ರಾನಿಕ್ಕೋ? ಹಿಡಿ ಮೀಡಿಯಮ್ಮೋ, ಸ್ಮಾಲೋ? ವಾಲ್ಥರ್ ಹಿಡಿದು ನೋಡಿದ್ದೀಯಾ? ನೋಡದೆ ಹೇಗೆ ಆರಿಸಿದೆ ಮಗೂ?”

ಹುಡುಗಿ ಆಗಲೇ ಕಿವಿಗೆ ಮುಚ್ಚಳ ಹಾಕಿಕೊಂಡು ಗುರಿಯ ಕಡೆ ತಿರುಗಿದ್ದಳು. ಕಾಂಪ್‌ದಾ ಒಂದೂ ಗುಂಡು ಹೊಡೆಯದೆ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ನೋಟ್‌ಬುಕ್ಕು ತೆಗೆದು, ಹೊಸ ಪುಟದಲ್ಲಿ ತಮ್ಮ ಅಂಗೈಯ ಸುತ್ತ ಪೆನ್ಸಿಲಿನಿಂದ ಗೀಟು ಎಳೆದುಕೊಂಡರು. ಮನೆಗೆ ನಡೆಯುವಾಗ ಇಪ್ಪತ್ತು ವರ್ಷ ಕಿರಿಯರಾಗಿ ಕಂಡರು.

ಓದುಗರಲ್ಲಿ ಯಾರಾದರೂ ಆ ಕಡೆ ಹೋಗುವವರಿದ್ದರೆ ಒಂದು ಮಾತು. ಕಾಳಿಘಾಟ್ ಮೆಟ್ರೋ ನಿಲ್ದಾಣದಿಂದ ಲೇಕ್ ಮಾರ್ಕೆಟ್ಟಿಗೆ ನಡೆಯುವ ದಾರಿಯಲ್ಲಿ, ಕೊಡೆ ಹಿಡಿದ ಹಿರಿಯರೊಬ್ಬರು ತಡೆದು, ಮೆಕ್ಯಾನಿಕಲ್ ಟ್ರಿಗರ್ ಒಳ್ಳೆಯದೋ ಎಲೆಕ್ಟ್ರಾನಿಕ್ ಒಳ್ಳೆಯದೋ ಎಂದು ಕೇಳಿಯಾರು. ಮೆಕ್ಯಾನಿಕಲ್ ಅನ್ನಿ. ಎಲೆಕ್ಟ್ರಾನಿಕ್ ಎಂದರೆ ಬ್ಯಾಟರಿಯ ವಿಷಯ ಬರುತ್ತದೆ, ಕೊನೆಯ ಮೆಟ್ರೋ ತಪ್ಪುತ್ತದೆ.